ಕಂಚಿನ ವಾಟಿಯ ಶೀಗ

ಕಬ್ಬೂರ, ತಾ. ಚಿಕ್ಕೋಡಿ
೨೧ ನವೆಂಬರ್ ೨೦೨೪, ಗುರುವಾರ

ಪ್ರೀತಿಯ ಅತ್ತಿಯವರಿಗೆ ನಿಮ್ಮ ಸೊಸೆ ಸೀಮಾಳ ಶರಣು.

ಕೋಮಲ ಹೇಗಿದ್ದಾಳೆ? ಕಾಲಿನ ಬಾವು ಇಳಿಯಿತೇ? ಅವಳಿ ಕೂಸುಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಮಂಚ ಬಿಟ್ಟು ಇಳಿಯಬೇಡ ಎಂದರೆ ಅವಳಂಥ ಕಾಲು ನಿಲ್ಲದವಳಿಗೆ ಅದೇ ದೊಡ್ಡ ಶಿಕ್ಷೆ. ತವರಿಗೆ ಬಂದು ಹೆರಬೇಕಾದ ಮಗಳಿಗೆ ಡಾಕ್ಟರು ಪ್ರಯಾಣವೇ ಬೇಡವೆಂದರು, ತಾಯಿಯೇ ಸಾತಾರಾಕ್ಕೆ ಹೋಗಿ ಕೂಡಬೇಕಾಯಿತು, ಇರಲಿ. ನಿಮ್ಮ ಮೊಣಕಾಲು ಅಲ್ಲಿಯ ಚಳಿಗೆ ಹೇಗಿವೆ? ಎಣ್ಣೆಯ ಬಾಟಲಿಯನ್ನು ನಿಮ್ಮ ಚೀಲದ ತಳದಲ್ಲಿ ಹಳೆಯ ಸೀರೆಯಲ್ಲಿ ಸುತ್ತಿ ಇಟ್ಟಿದ್ದೆ, ಸಿಕ್ಕಿತೋ ಇಲ್ಲವೋ ಹೇಳಲೇ ಇಲ್ಲ ನೀವು. ಬೀಗರ ಮನೆ ಎಂದು ಸಂಕೋಚ ಮಾಡಿಕೊಂಡು ಎಲ್ಲ ಕೆಲಸ ಮೈಮೇಲೆ ಹಾಕಿಕೊಳ್ಳಬೇಡಿ. ಇಲ್ಲಿ ನಾವೆಲ್ಲ ಆರಾಮ. ಕಬ್ಬು ಕಡಿಯುವ ಗ್ಯಾಂಗು ಬಂದು ಕೆರೆಯ ಕಡೆಯ ಹೊಲದಲ್ಲಿ ಗುಡಿಸಲು ಹಾಕಿದೆ, ನಿಮ್ಮ ಮಗ ಬೆಳಗಾದರೆ ಅಲ್ಲೇ. ಎಮ್ಮೆ ಎರಡು ದಿನ ನಿಮ್ಮನ್ನು ಹುಡುಕಿ ಒದರಿ ಈಗ ನನ್ನ ಕೈಗೆ ಒಗ್ಗಿದೆ. ಮಾವನವರೂ ಆರಾಮ ಇದ್ದಾರೆ. ಇದನ್ನು ರೂಢಿಗೆ ಬರೆದದ್ದಲ್ಲ ಅತ್ತಿ. ಮುಂದೆ ಏನೇ ಓದಿದರೂ ಈ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡು ಓದಿ.

ದಿನಾ ಫೋನ್ ಮಾಡುವವಳು ಪತ್ರ ಯಾಕೆ ಬರೆದಳು ಎಂದು ನಿಮಗೆ ಗಾಬರಿಯಾಗಿರಬೇಕು. ನಾವಿಬ್ಬರೇ ಫೋನಿನಲ್ಲಿ ಮಾತಾಡಿದ್ದು ಯಾವಾಗ, ನೀವೇ ಹೇಳಿ. ಇಲ್ಲಿ ಮಾವನವರಿಗೆ ಕಿವಿ ಮಂದ, ಸ್ಪೀಕರ್ ಹಾಕದಿದ್ದರೆ ಏನೋ ಮುಚ್ಚಿಡುತ್ತಿದ್ದೇವೆ ಎಂದು ಸಿಟ್ಟು. ಅಲ್ಲಿ ನಿಮ್ಮ ಬೀಗಿತ್ತಿ ಮಗ್ಗುಲಲ್ಲೇ ಕೂತಿರುತ್ತಾರೆ. ಈ ಮಾತು ಅಷ್ಟು ಜನರ ಕಿವಿಗೆ ಬೀಳುವಂಥದ್ದಲ್ಲ. ಕೋಮಲ ಮಲಗಿದ ಮೇಲೆ ಒಬ್ಬರೇ ಕೂತು ಓದಿ, ಓದಿ ಮುಗಿಯುವವರೆಗೆ ಎದ್ದು ಬರುತ್ತೇನೆಂದು ಚೀಲ ಹುಡುಕಬೇಡಿ. ನನಗಾದ ಆಘಾತ ಇನ್ನೂ ಇಳಿದಿಲ್ಲ. ನಿಮಗೆ ಗೊತ್ತಿರುವ ಸಂಗತಿಯನ್ನೂ ಮೊದಲಿನಿಂದ ಬರೆಯುತ್ತೇನೆ, ನನ್ನ ತಲೆಯಲ್ಲಾದರೂ ಒಂದು ಸಾಲಿಗೆ ಬರಲಿ.

ಯುಗಾದಿಯ ಹೊತ್ತಿಗೆ ಮಾವನವರ ಮೂತ್ರಪಿಂಡ ಸೋತಿದೆ ಎಂದು ಮಿರಜದ ಡಾಕ್ಟರು ಹೇಳಿದರಲ್ಲ, ಆಗ ಊಟ ತಿಳಿಸುವ ಆ ತೆಳ್ಳನೆಯ ಮೇಡಂ ಹತ್ತಿರ ನಾವಿಬ್ಬರೂ ಕೂತಿದ್ದೆವು. ರಕ್ತದಲ್ಲಿ ಪೊಟ್ಯಾಶಿಯಂ ಏರಿದರೆ ಎದೆಗೇ ಅಪಾಯ, ಅದಕ್ಕೆ ತರಕಾರಿಯನ್ನು ಬಹಳ ನೀರಿನಲ್ಲಿ ಕುದಿಸಿ ಆ ನೀರು ಚೆಲ್ಲಬೇಕು ಎಂದಿದ್ದರು. ನೀವು ಹೂಂ ಅಂದು ಬಂದಿರಿ. ಮನೆಗೆ ಬಂದು ಆ ನೀರಿಗೇ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ಸಾರು ಮಾಡಿದಿರಿ. ಬೇಳೆ ಕುದಿಸಿದ ಕಟ್ಟನ್ನೇ ಚೆಲ್ಲದ ಕೈ ನಿಮ್ಮದು, ತರಕಾರಿಯ ಸತ್ವ ಬಚ್ಚಲಿಗೆ ಹೋಗುವುದನ್ನು ಹೇಗೆ ನೋಡೀತು? ಮುಂದಿನ ಸಲ ಇದು ತಿಳಿದು ಆ ಮೇಡಂ ಹಣೆ ಹಿಡಿದುಕೊಂಡರು. ಕೊನೆಗೆ, ಹಾಗಾದರೆ ತಗಡಿನ ಡಬ್ಬಿಯಲ್ಲಿ ಬರುವ ಉಪ್ಪು ಕಡಿಮೆ ಇರುವ ಬೀನ್ಸ್ ತನ್ನಿ, ಡಬ್ಬಿಯ ನೀರು ಚೆಲ್ಲಿ, ಮೂರು ಸಲ ತೊಳೆದು, ಹೊತ್ತಿಗೆ ನೂರು ಗ್ರಾಂ ಹಾಕಿ ಎಂದರು. ಡಬ್ಬಿಯ ನೀರನ್ನು ಮಾತ್ರ ನೀವು ಖುಷಿಯಿಂದ ಚೆಲ್ಲಿದಿರಿ, ಅದರ ವಾಸನೆ ನಿಮಗೆ ಆಗದು. ನೂರು ಗ್ರಾಂ ಅಂದರೆ ಎಷ್ಟ್ರಿ ಎಂದು ನೀವು ಕೇಳಿದ್ದಕ್ಕೆ ಅವರು ಮೇಜಿನ ಮೇಲಿದ್ದ ಒಂದು ಸ್ಟೀಲ್ ವಾಟಿ ಎತ್ತಿ ತೋರಿಸಿ, ಇದರಲ್ಲಿ ಒಂದು ವಾಟಿ ಅಂದರು. ನೀವು “ಒಂದ ವಾಟಿ, ಆತ್ರಿ” ಅಂದಿರಿ. ನಾನೂ ತಲೆ ಆಡಿಸಿದೆ. ಯಾರ ಮನೆಯ ವಾಟಿ, ಎಲ್ಲಿಯ ತನಕ ತುಂಬಿದ ವಾಟಿ ಎಂದು ನಮ್ಮಿಬ್ಬರಿಗೂ ಕೇಳಬೇಕೆನಿಸಲಿಲ್ಲ. ವಾಟಿ ಎಂದರೆ ಈ ಮನೆಯಲ್ಲಿ ನೀವು ತೆಲಸಂಗದ ತವರಿನಿಂದ ತಂದ ಆ ಕಂಚಿನ ವಾಟಿಯೇ.

ದಸರೆಯಾದ ಮೇಲೆ ನೀವು ಹೊರಟಿರಿ, ಮಾವನವರ ತಾಟು ನನ್ನ ಕೈಗೆ ಬಂತು. ಮೊದಲ ದಿನ ಡಬ್ಬಿ ಒಡೆದೆ. ಮೇಲೆ ದಪ್ಪಗೆ ನಾಲ್ಕುನೂರು ಗ್ರಾಂ ಎಂದು ಬರೆದಿತ್ತು. ಹಾಗಾದರೆ ನಾಲ್ಕು ಹೊತ್ತಿಗೆ ಬರಬೇಕು ಎಂದು ಲೆಕ್ಕ ಹಾಕಿ, ನೀರು ಬಸಿದು, ನೀವು ತುಂಬುವ ಹಾಗೆಯೇ ತುಂಬಿದೆ. ಬೆರಳಿನಿಂದ ಒಂದಿಷ್ಟು ಒತ್ತಿ, ಮೇಲೆ ಗುಡ್ಡದ ಹಾಗೆ ಶೀಗ ಏರಿಸಿ. ಒಂದು ವಾಟಿ ತುಂಬುವುದರಲ್ಲಿ ಡಬ್ಬಿಯಲ್ಲಿ ಉಳಿದದ್ದು ಒಂದು ಹಿಡಿ. ನಾನು ಡಬ್ಬಿಯೊಳಗೆ ಕಣ್ಣಿಟ್ಟು ನೋಡಿದೆ, ತಳಕ್ಕೆ ಅಂಟಿದೆಯೇನೋ ಎಂದು. ಮತ್ತೊಂದು ಡಬ್ಬಿ ಒಡೆದೆ, ಅದೂ ಅಷ್ಟೇ. ನನ್ನ ಸಿಟ್ಟು ನಿಮಗೆ ಗೊತ್ತಲ್ಲ. ಮೂರು ವಾಟಿ ಬೀನ್ಸ್ ಯಾರು ನುಂಗಿದರು ಎಂದು ಕೇಳಿಯೇ ಬಿಡುವುದೆಂದು, ಎರಡನೆಯ ಡಬ್ಬಿಯ ಬಸಿದ ಬೀನ್ಸನ್ನು ಒಂದು ಡಬ್ಬದಲ್ಲಿ ಹಾಕಿಕೊಂಡು, ಸಾಕ್ಷಿಗೆ ನಿಮ್ಮ ಕಂಚಿನ ವಾಟಿಯನ್ನೂ ಚೀಲಕ್ಕೆ ಸೇರಿಸಿ, ನಿಮ್ಮ ಮಗನನ್ನು ಹೊರಡಿಸಿಕೊಂಡು ಚಿಕ್ಕೋಡಿಗೆ ಹೋದೆ. ನಮಗೆಂದು ಕೊಲ್ಲಾಪುರದಿಂದ ಈ ಡಬ್ಬಿ ತರಿಸಿಕೊಡುವ ಕಿರಾಣಿ ಅಂಗಡಿಯ ದುಂಡೇಶ ಇದ್ದಾನಲ್ಲ, ಅವನ ಮುಂದೆ ಎಲ್ಲ ಇಟ್ಟು, ಮೋಸ ಮಾಡುವ ಕಂಪನಿಯ ಮಾಲು ಮಾರುತ್ತೀಯಾ ಎಂದು ದಬಾಯಿಸಿದೆ. ನಾಲ್ಕು ಗಿರಾಕಿಗಳು ನಿಂತಿದ್ದರು, ಅವರಿಗೂ ಕೇಳಲಿ ಎಂದೇ ಜೋರಾಗಿ ಮಾತಾಡಿದೆ.

ದುಂಡೇಶ ನಕ್ಕ. ಡಬ್ಬಿಯನ್ನು ತಿರುವಿ ಇರುವೆಯಂಥ ಅಕ್ಷರ ತೋರಿಸಿದ. “ವೈನಿ, ನೀರಿನ ತೂಕಾನೂ ಕೂಡಿಸಿ ನಾಕನೂರ ಬರೀತಾರ. ನೀರ ಬಸದ ಮ್ಯಾಲ ಎರಡನೂರಾ ನಲವತ್ತ, ಇಲ್ಲೇ ಬರದಾರ ನೋಡ್ರಿ” ಅಂದ. ಬೀನ್ಸನ್ನು ತಕ್ಕಡಿಗೆ ಸುರಿದ, ಬರಾಬರಿ ಅಷ್ಟೇ ಬಂತು. ಒಂದು ಡಬ್ಬಿಯಲ್ಲಿ ಅಷ್ಟೊಂದು ಬರೀ ನೀರೇ ಎಂದು ನಾನು ಬಾಯಿ ಬಿಟ್ಟುಕೊಂಡು ನಿಂತೆ. ಆದರೆ ನಿಮ್ಮ ಸೊಸೆ ಸೋಲುವವಳಲ್ಲ. ಅಷ್ಟಾದರೂ ಎರಡು ಹೊತ್ತಿಗೆ ಬಂದು ಉಳಿಯಬೇಕು, ನಮಗೆ ಒಂದೇ ವಾಟಿ ಆಗುತ್ತಿದೆ ಎಂದು, ಚೀಲದಿಂದ ಕಂಚಿನ ವಾಟಿ ತೆಗೆದು ಅವನ ಕಟ್ಟೆಯ ಮೇಲೆಯೇ ಶೀಗ ಏರಿಸಿ ತುಂಬಿ ತೋರಿಸಿದೆ. ಅವನು ಬರೀ ವಾಟಿಯ ತೂಕ ಕಳೆದು, ತುಂಬಿದ ವಾಟಿಯನ್ನು ಇಟ್ಟ. ಇನ್ನೂರಾ ಹತ್ತು ಗ್ರಾಂ. “ನಿಮ್ಮ ವಾಟಿ ಭಾಳ ದಿಲ್ದಾರ ಐತ್ರಿ ವೈನಿ” ಎಂದು ಅವನು ಮತ್ತೊಬ್ಬ ಗಿರಾಕಿಯ ಕಡೆ ತಿರುಗಿದ. ಅವನಿಗೇನು ಗೊತ್ತು. ನಿಮ್ಮ ಮಗ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ.

ಅತ್ತಿ, ಯುಗಾದಿಯಿಂದ ದಸರೆಯ ತನಕ ಮಾವನವರು ಎರಡೂ ಹೊತ್ತು ಹೇಳಿದ್ದಕ್ಕಿಂತ ದುಪ್ಪಟ್ಟು ಉಂಡಿದ್ದಾರೆ. ಬರೀ ಬೀನ್ಸ್ ಅಲ್ಲ, ಬೇಳೆಯೂ ಅದೇ ವಾಟಿ, ಮೊಸರೂ ಅದೇ ವಾಟಿ. ಪ್ರತಿ ಸಲ ಮಿರಜಕ್ಕೆ ಹೋದಾಗ ರಕ್ತದ ಅಂಕಿ ಏರಿರುತ್ತಿತ್ತು. ಡಾಕ್ಟರು ಕದ್ದು ಬಾಳೆಹಣ್ಣು ತಿನ್ನುತ್ತೀರಾ, ಎಳನೀರು ಕುಡಿಯುತ್ತೀರಾ ಎಂದು ಕೇಳಿದ್ದಕ್ಕೆ ಮಾವನವರು ಹೊರಗೆ ಬಂದು “ಕಳ್ಳನ್ನ ಕೇಳಿದಂಗ ಕೇಳ್ತಾನ ಅಂವಾ” ಎಂದು ಎರಡು ದಿನ ಮಾತು ಬಿಟ್ಟಿದ್ದರು. ನೀವು ದೇವರ ಮೇಲೆ ಆಣೆ ಮಾಡಿದಿರಿ, ಅವರು ಬೇರೆ ಏನೂ ತಿಂದಿಲ್ಲ, ನನ್ನ ಕೈಯಿಂದ ನೀಡಿದ್ದನ್ನಷ್ಟೇ ಉಂಡಿದ್ದಾರೆ ಎಂದು. ಆ ಆಣೆ ಖರೆಯೇ ಇತ್ತು. ದೀಪಾವಳಿಯ ನಂತರವೂ ಪೊಟ್ಯಾಶಿಯಂ ಇಳಿಯದಿದ್ದರೆ ಡಯಾಲಿಸಿಸ್‌ಗೆಂದು ತೋಳಿನ ಆಪರೇಷನ್ ಮಾಡಿಬಿಡುವುದು ಎಂದು ಡಾಕ್ಟರು ನಿಮ್ಮೆದುರಿಗೇ ಹೇಳಿದ್ದರು. ನೀವು ಸಾತಾರಾದ ಗಾಡಿ ಹತ್ತುವಾಗ ಅತ್ತದ್ದು ಮಗಳಿಗಾಗಿ ಎಂದು ಎಲ್ಲರೂ ಅಂದುಕೊಂಡರು, ಅದು ಆ ತೋಳಿಗಾಗಿ ಎಂದು ನನಗೆ ಗೊತ್ತು.

ಮರುದಿನ ನಿಮ್ಮ ಮಗ ಅಡುಗೆಮನೆಗೆ ಒಂದು ಸಣ್ಣ ತಕ್ಕಡಿ ತಂದರು. ನೂರು ಗ್ರಾಂ ಬೀನ್ಸ್ ತೂಗಿ ಕಂಚಿನ ವಾಟಿಗೆ ಹಾಕಿದೆ. ಶೀಗ ಹೋಗಲಿ, ಅಂಚಿಗೂ ಮುಟ್ಟಲಿಲ್ಲ. ಒಂದು ಬೆರಳು ಕೆಳಗೇ ನಿಂತಿತು. ನಾನು ಅದನ್ನು ನೋಡುತ್ತಾ ಒಲೆಯ ಮುಂದೆ ಎಷ್ಟು ಹೊತ್ತು ನಿಂತೆನೋ. ಮದುವೆಯಾಗಿ ಬಂದ ಮೊದಲ ವಾರ, ನಮ್ಮ ರಾಯಬಾಗದ ಮನೆಯ ರೂಢಿಯಂತೆ ನಾನು ಅಳೆಯುವ ಶೇರಿನಲ್ಲಿ ಹಿಟ್ಟು ತುಂಬಿ ಅಂಗೈಯಿಂದ ಸವರಿ ಸಮ ಮಾಡಿದ್ದೆ. ನೀವು ಓಡಿ ಬಂದು ನನ್ನ ಕೈ ಹಿಡಿದಿರಿ. “ಸವರಬ್ಯಾಡ ಬೇ. ಈ ಮನಿಯಾಗ ಸವರಿ ಅಳಿಯೂದು ಸತ್ತವರ ಎಡಿಗೆ ಅಷ್ಟ. ಬದುಕಿದ್ದವರಿಗೆ ಶೀಗ ಇರಬೇಕ. ಬರ ಬಿದ್ದಾಗೂ ನಮ್ಮವ್ವ ಶೀಗ ಬಿಟ್ಟಾಕಿ ಅಲ್ಲ” ಅಂದಿರಿ. ಅಂದಿನಿಂದ ನಾನು ಒಂದು ದಿನವೂ ಸವರಿಲ್ಲ. ಹೊಲದ ಆಳಿಗೆ ಜೋಳ ಕೊಡುವಾಗಲೂ, ಜಂಗಮರಿಗೆ ನೀಡುವಾಗಲೂ, ಮಕ್ಕಳಿಗೆ ಚುರುಮುರಿ ಹಾಕುವಾಗಲೂ ಶೀಗ ಬಿಟ್ಟಿಲ್ಲ. ಹಾಗೆ ಕಲಿತ ಕೈಯಿಂದಲೇ ಮನೆಯ ಹಿರಿಯರಿಗೆ ಅರೆಬರೆ ವಾಟಿ ಎತ್ತಿಕೊಂಡು ಹೋದೆ.

ಮಧ್ಯಾಹ್ನದ ಊಟ. ಮಾವನವರು ತಾಟು ನೋಡಿದರು. ವಾಟಿಯನ್ನು ಎತ್ತಿ ಬೆಳಕಿಗೆ ಹಿಡಿದು ಒಳಗೆ ನೋಡಿದರು. ಆಮೇಲೆ ಬಹಳ ಮೆಲ್ಲಗೆ “ಯಾರ ದಿನಾ ಐತವಾ ಇವತ್ತ?” ಅಂದರು. ಅವರು ತಾಟಿಗೆ ಕೈಮುಗಿದು ಎದ್ದುಹೋದರು. ಅತ್ತಿ, ನೀವು ಈ ಮನೆ ಬಿಟ್ಟು ಇನ್ನೂ ವಾರವಾಗಿರಲಿಲ್ಲ, ಅಷ್ಟರಲ್ಲಿ ಮಾವನವರನ್ನು ಉಪವಾಸ ಎಬ್ಬಿಸಿದ ಸೊಸೆ ಎಂದು ನನ್ನ ಹಣೆಗೆ ಬಂತಲ್ಲ ಎಂದು ಬಾವಿಯ ಕಡೆ ಹೋಗಿ ಅತ್ತೆ. ನಿಮ್ಮ ಮಗ ದನದ ಕೊಟ್ಟಿಗೆಯಲ್ಲಿ ಅವರನ್ನು ಕೂರಿಸಿಕೊಂಡು ಡಬ್ಬಿ, ತಕ್ಕಡಿ, ಇನ್ನೂರಾ ಹತ್ತು, ಎಲ್ಲ ಹೇಳಿದರು. ಮಾವನವರು ಕೇಳಿ, ಕೈಕಾಲು ತೊಳೆದು ಬಂದು, ಆರಿದ ಅದೇ ತಾಟನ್ನು ಮುಂದೆ ಎಳೆದುಕೊಂಡು ಉಂಡರು. ಅಂದಿನಿಂದ ಒಂದು ಹೊತ್ತೂ ತಕರಾರು ಮಾಡಿಲ್ಲ. ಆದರೆ ಊಟಕ್ಕೆ ಕೂತ ಕೂಡಲೇ ಒಂದು ರೊಟ್ಟಿ ಚೂರು ಮುರಿದು ಆ ವಾಟಿಯ ಬಾಯಿಗೆ ಮುಚ್ಚುತ್ತಾರೆ, ಅದರ ಅಂಚು ಕಾಣದ ಹಾಗೆ. ಮುಚ್ಚಿಯೇ ಉಣ್ಣುತ್ತಾರೆ. ನನಗೆ ಅದನ್ನು ನೋಡಲಾಗದೆ ನೀಡಿದ ಮೇಲೆ ಒಳಗೆ ಹೋಗಿಬಿಡುತ್ತೇನೆ.

ಮೊನ್ನೆ ಸೋಮವಾರ ಮಿರಜಕ್ಕೆ ಹೋಗಿದ್ದೆವು. ಫೋನಿನಲ್ಲಿ ನಿಮಗೆ “ಎಲ್ಲಾ ಬರೋಬರಿ ಐತಂತ” ಎಂದಷ್ಟೇ ಹೇಳಿದ್ದು, ಪೂರಾ ಈಗ ಕೇಳಿ. ಡಾಕ್ಟರು ಕಾಗದ ನೋಡಿದರು, ಮಾವನವರನ್ನು ನೋಡಿದರು, ಇದು ಬೇರೆಯವರ ರಕ್ತ ಇರಬೇಕೆಂದು ಮತ್ತೊಮ್ಮೆ ತೆಗೆಸಿದರು. ಎರಡನೆಯದೂ ಹಾಗೆಯೇ ಬಂತು. ಪೊಟ್ಯಾಶಿಯಂ ಇಳಿದು ಸರಿಯಾದ ಜಾಗಕ್ಕೆ ಬಂದಿದೆ. ಮೂತ್ರಪಿಂಡ ವಾಸಿಯಾಗಿಲ್ಲ, ಆಗುವುದೂ ಇಲ್ಲ, ಆದರೆ ತೋಳಿನ ಆಪರೇಷನ್ ಸದ್ಯಕ್ಕೆ ಬೇಡ, ಹೀಗೇ ಊಟ ನಡೆಯಲಿ, ಬೇಸಿಗೆಯ ತನಕ ನೋಡೋಣ ಎಂದರು. ನಿಮ್ಮ ಮಗ ಅಲ್ಲೇ ಡಾಕ್ಟರ ಕೈ ಹಿಡಿದುಕೊಂಡರು. ನಾನು ಮಾತ್ರ ಹೊರಗೆ ಬೆಂಚಿನ ಮೇಲೆ ಕೂತು ಬಿಕ್ಕಿ ಅತ್ತೆ. ಸಂತೋಷವಾಗಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಆ ಕ್ಷಣದ ತನಕ ನನಗೆ ಒಂದು ಆಸೆ ಇತ್ತು, ಬೇರೆ ಏನೋ ಕಾರಣವಿರಲಿ, ವಾಟಿ ಆಗಿರದಿರಲಿ ಎಂದು. ಇನ್ನು ಅದೂ ಉಳಿಯಲಿಲ್ಲ. ಬರುವಾಗ ಮಾವನವರು ಕಾಗವಾಡ ದಾಟಿದ ಮೇಲೆ ಬಾಯಿಬಿಟ್ಟರು. “ನಿಮ್ಮ ಅತ್ತಿಗೆ ಈ ಸುದ್ದಿ ಗೊತ್ತಾಗಬಾರದ. ಗೊತ್ತಾದ್ರ ಆಕಿ ಈ ಜನ್ಮದಾಗ ನನಗ ಊಟಕ್ಕ ನೀಡೂದಿಲ್ಲ” ಅಂದರು.

ಅವರ ಮಾತು ಮೀರಿ ಬರೆಯುತ್ತಿದ್ದೇನೆ. ಬರೆಯದೆ ಹೇಗಿರಲಿ? ಸಂಕ್ರಾಂತಿಗೆ ನೀವು ಬರುತ್ತೀರಿ, ಬಂದ ದಿನವೇ ಸೆರಗು ಸಿಕ್ಕಿಸಿಕೊಂಡು ಅವರ ತಾಟಿಗೆ ಕೈ ಹಾಕುತ್ತೀರಿ, ಕಂಚಿನ ವಾಟಿ ತುಂಬುತ್ತೀರಿ. ಆಗ ನಾನು ನಿಮ್ಮ ಕೈ ಹಿಡಿಯಬೇಕೇ? ವಾಟಿಯನ್ನು ಅಟ್ಟಕ್ಕೆ ಹಾಕಿ ಕಳೆದುಹೋಯಿತು ಎನ್ನೋಣವೆಂದೂ ಯೋಚಿಸಿದೆ, ಆದರೆ ಕತ್ತಲೆಯಲ್ಲೂ ಸಪ್ಪಳದಿಂದ ಯಾವ ಪಾತ್ರೆ ಎಂದು ಹೇಳುವವರು ನೀವು, ಮರುದಿನವೇ ಅಟ್ಟ ಹತ್ತಿಸುತ್ತೀರಿ. ನೀವು ನೀಡಿದ ಮೇಲೆ ಹಿಂದಿನಿಂದ ಅರ್ಧ ತೆಗೆದುಬಿಡೋಣವೆಂದೂ ಯೋಚಿಸಿದೆ, ಆದರೆ ಅವರು ಉಂಡು ಏಳುವ ತನಕ ನೀವು ಎದುರಿನಿಂದ ಕದಲುವುದಿಲ್ಲವಲ್ಲ. ಅತ್ತಿ, ನೀವು ಏನೂ ತಪ್ಪು ಮಾಡಿಲ್ಲ. ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡಿದಿರಿ, ಒಂದು ವಾಟಿ ಎಂದರು, ಒಂದೇ ವಾಟಿ ನೀಡಿದಿರಿ. ನನಗೆ ಸಿಟ್ಟಿರುವುದು ನಿಮ್ಮ ಮೇಲಲ್ಲ, ತೂಕವನ್ನು ಅಳತೆಯಲ್ಲಿ ಹೇಳಿ ಕಳಿಸಿದ ಆ ಒಂದು ಮಾತಿನ ಮೇಲೆ, ಅಲ್ಲೇ ಕೂತು ತಲೆ ಆಡಿಸಿದ ನನ್ನ ಮೇಲೆ. ನೀವು ಅಳುತ್ತೀರಿ, ನನಗೆ ಗೊತ್ತು. ಅಳಿ. ಆದರೆ ಮಾವನವರು ಹೆದರಿದ ಹಾಗೆ ನೀಡುವುದನ್ನು ಮಾತ್ರ ಬಿಡಬೇಡಿ. ಶೀಗ ಇಲ್ಲದ ವಾಟಿಯನ್ನು ನಿಮ್ಮ ಕೈಯಿಂದ ಹೇಗೆ ಇಡಿಸುವುದೋ ನನಗೆ ತಿಳಿಯುತ್ತಿಲ್ಲ. ತಿಳಿದಿದ್ದರೆ ಈ ಪತ್ರಕ್ಕೆ ಮೂರು ದಿನ ಹಿಡಿಯುತ್ತಿರಲಿಲ್ಲ.

ಕೋಮಲಳಿಗೆ ನನ್ನ ಮುದ್ದು, ಅವಳ ಅತ್ತಿಯವರಿಗೆ ನಮಸ್ಕಾರ ತಿಳಿಸಿ. ಹೊಟ್ಟೆಯಲ್ಲಿರುವ ಇಬ್ಬರಿಗೂ ಅವರ ಸೀಮಾ ಅತ್ತಿ ಕುಲಾಯಿ ಹೊಲಿದಿಟ್ಟಿದ್ದಾಳೆ ಎಂದು ಹೇಳಿ. ನಿಮ್ಮ ಕಾಲಿಗೆ ಬೀಳುತ್ತೇನೆ, ಈ ಸಲ ಸ್ವಲ್ಪ ಹೆಚ್ಚು ಹೊತ್ತು ಬೀಳುತ್ತೇನೆ. ಎದೆ ಗಟ್ಟಿ ಮಾಡಿಕೊಳ್ಳಿ.

ನಿಮ್ಮ ಮಗಳಂಥ ಸೊಸೆ,
ಸೀಮಾ

ವಿ.ಸೂ.: ಲಕೋಟೆಗೆ ಅಂಟು ಹಚ್ಚುವವಳಿದ್ದೆ, ತಡೆಯಬೇಕಾಯಿತು. ಬೆಳಿಗ್ಗೆ ಮಾವನವರು ಒಂದು ಡಬ್ಬಿ ಬೀನ್ಸ್ ಬಸಿದು ಕೊಡು ಎಂದು ಕಟ್ಟಿಸಿಕೊಂಡು ನಿಮ್ಮ ಮಗನ ಜೊತೆ ನಿಪ್ಪಾಣಿಗೆ ಹೋಗಿದ್ದರು, ತಂಬಾಕು ವ್ಯಾಪಾರದ ಗೆಳೆಯರನ್ನು ನೋಡಲು ಎಂದುಕೊಂಡಿದ್ದೆ. ಹೋದದ್ದು ಪಾತ್ರೆ ಮಾರುವ ಭಾಂಡೆ ಅಂಗಡಿಗೆ. ಅಲ್ಲಿ ಚಾಪೆಯ ಮೇಲೆ ಕೂತು, ಅಂಗಡಿಯಲ್ಲಿದ್ದ ಒಂದೊಂದೇ ಕಂಚಿನ ವಾಟಿಗೆ ಬೀನ್ಸ್ ತುಂಬಿ, ಶೀಗ ಏರಿಸಿ, ತೂಗಿಸಿ, ಸುರಿದು, ಮತ್ತೊಂದಕ್ಕೆ ತುಂಬಿ, ಹೊತ್ತು ನೆತ್ತಿಗೇರುವ ತನಕ ಅಂಗಡಿಯವನನ್ನು ದಂಗು ಬಡಿಸಿದರಂತೆ. ಈಗ ತಂದು ನನ್ನ ಮುಂದಿಟ್ಟರು. ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಸಣ್ಣದು. ನಾನೂ ತುಂಬಿ ನೋಡಬೇಕೆಂದು ಕೈ ಚಾಚಿದರೆ ಕೊಡಲಿಲ್ಲ. “ತೂಗಿ ತಂದೀನಿ. ಶೀಗ ಕೂಡಿ ನೂರ ಗ್ರಾಂ. ಮೂರ ದಿನಾ ಆತು ಬರ್ಯಾಕತ್ತಿ, ಎಲ್ಲಾ ಬರದಿರಬೇಕ ನೀ. ಇದನ್ನೂ ಬರಿ” ಎಂದು, ಅದನ್ನು ನಿಮ್ಮ ಒಲೆಯ ಮೇಲಿನ ಗೂಡಿನಲ್ಲಿ ಬೋರಲು ಹಾಕಿದ್ದಾರೆ. ಸಂಕ್ರಾಂತಿಯ ತನಕ ನನಗೆ ಆ ತಕ್ಕಡಿ, ಅವರಿಗೆ ಆ ರೊಟ್ಟಿ ಚೂರು ಇದ್ದದ್ದೇ. ಹೊಸ ವಾಟಿಯನ್ನು ಯಾರೂ ಮುಟ್ಟುವ ಹಾಗಿಲ್ಲವಂತೆ. “ಮೊದಲನೇ ಶೀಗ ಆಕಿನ ಏರಸಬೇಕ” ಅಂದರು.